ಸುತ್ತಿಗೆಯ ಭಾರಿ ಏಟು

"ಭಾರಿ ಏಟು," ಎಂದ ಅವನು, ದಾಳ ಇನ್ನೂ ಅಂಗೈಯಲ್ಲಿರುವಾಗಲೇ.

ಅವಳು ತಟ್ಟನೆ ತಲೆ ಎತ್ತಿದಳು. ದಡ್ಡತನವನ್ನು ಇಷ್ಟು ಧೈರ್ಯವಾಗಿ ಮಾಡುವವರನ್ನು ಅವಳು ನೋಡಿದ್ದು ಅದೇ ಮೊದಲು.

"ಒಂದ್ನಿಮಿಷ. ಆ ರಾಕ್ಷಸ ಕಬ್ಬಿಣದ ಅಂಗಿ ತೊಟ್ಟಿದಾನೆ. ಸುಮ್ನೆ ಹೊಡೆದ್ರೂ ಹದಿನೈದಾದ್ರೂ ಬೀಳ್ಬೇಕು. ಭಾರಿ ಏಟು ಅಂದ್ರೆ ಬಿದ್ದಿದ್ರಲ್ಲಿ ಐದು ಕಳೀಬೇಕು. ಅಂದ್ರೆ ನಿಮಗೆ ಇಪ್ಪತ್ತೇ ಬೀಳ್ಬೇಕು. ಗೊತ್ತಲ್ವಾ?"

"ಗೊತ್ತು."

"ಗೊತ್ತಿದ್ದೂ...?"

"ತಗುಲಿದ್ರೆ ಚೆನ್ನಾಗಿ ತಗುಲುತ್ತಲ್ಲ," ಎಂದು ನಕ್ಕು, ಇಪ್ಪತ್ತು ಮುಖದ ದಾಳವನ್ನು ಮೇಜಿನ ಮೇಲೆ ಉರುಳಿಸಿದ.

ಏಳು ಬಿತ್ತು.

ಮೇಜಿನ ಆ ಬದಿಯಲ್ಲಿ ಕೂತಿದ್ದ ಭಾವ, ರಾಕ್ಷಸನ ಮಣ್ಣಿನ ಗೊಂಬೆಯನ್ನು ಅವಳ ಬಿಲ್ಲುಗಾರ್ತಿಯ ಎದುರಿನಿಂದ ಎತ್ತಿ ಅವನ ಸೈನಿಕನ ಮುಂದೆ ಇಟ್ಟರು. ಸೈನಿಕನಿಗೆ ಸರಿಯಾಗಿ ಪೆಟ್ಟು ಬಿತ್ತು. ಹಾಗೇ ಆಗ್ಬೇಕು, ಎಂದುಕೊಂಡಳು ಅವಳು.

ಭಾವನದು ಸೈಕಲ್ ರಿಪೇರಿ ಅಂಗಡಿ. ಭಾನುವಾರ ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ತಾವೇ ಹೆಣೆದ ಈ ಆಟ ನಡೆಯುತ್ತಿತ್ತು. ಕಾಡು, ಕೋಟೆ, ರಾಕ್ಷಸರೆಲ್ಲ ಭಾವನ ಪಾಲು. ಅಕ್ಕ ಗಾಯ ವಾಸಿ ಮಾಡುವ ವೈದ್ಯೆ, ತಂಗಿ ಬಿಲ್ಲುಗಾರ್ತಿ. ಮೂವರೇ ಆದರೆ ಆಟ ಸಪ್ಪೆ ಎಂದು ಭಾವ ಗೆಳೆಯನೊಬ್ಬನನ್ನು ಕರೆತಂದಿದ್ದರು. ಹಳೆಯ ಕಟ್ಟಡ ಕೆಡವುವುದು ಅವನ ಕಸುಬು.

"ಸರಿಯಾದ ಜೋಡಿ," ಎಂದಳು ಅಕ್ಕ. "ಇವಳು ಸೂಜಿ, ಇವನು ಸುತ್ತಿಗೆ."

ಅಂದಿನಿಂದ ಅದೇ ಹೆಸರು ನಿಂತಿತು.

ಸೂಜಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜನ್ನು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಒಂಚೂರು ಓರೆಯಾದರೂ ಗಿರಾಕಿ ತಲೆನೋವು ಅಂತ ವಾಪಸ್ ಬರುತ್ತಾನೆ. ಅಂಥವಳ ಬಾಣಗಳು ಹೇಗಿರಬೇಕೋ ಹಾಗೇ ಇದ್ದವು: ಸಣ್ಣ ಪೆಟ್ಟು, ಗುರಿ ಮಾತ್ರ ತಪ್ಪದು. ಭಾರಿ ಏಟನ್ನು ಅವಳೂ ಹಾಕಬಹುದಿತ್ತು, ಎದುರಾಳಿಗೆ ರಕ್ಷಣೆ ಇಲ್ಲದಾಗ ಅದರಲ್ಲೇ ಲಾಭ ಎಂದು ಅವಳಿಗೂ ಗೊತ್ತಿತ್ತು. ಆದರೂ ಹಾಕುತ್ತಿರಲಿಲ್ಲ. ತಪ್ಪಿಬಿಟ್ಟರೆ ಎಂಬ ಭಯ.

ಸುತ್ತಿಗೆ ಇದಕ್ಕೆ ಪೂರಾ ಉಲ್ಟಾ. ತಮಾಷೆ ಏನೆಂದರೆ, ಬರಿ ಮೈಯ ಕಳ್ಳರು ಎದುರಾದಾಗ ಅವನು ನೆಟ್ಟಗೆ ಹೊಡೆಯುತ್ತಿದ್ದ. ಕಬ್ಬಿಣ ತೊಟ್ಟವರು ಬಂದರೆ ಸಾಕು, ಭಾರಿ ಏಟು.

"ಲೆಕ್ಕವೇ ತಲೆಕೆಳಗು," ಎಂದು ಅವಳು ಗೊಣಗುವಳು.

"ಹೌದಲ್ವಾ," ಎಂದು ಅವನು ನಗುವನು.

ಆ ನಗು ಅವಳನ್ನು ಸೋಮವಾರವೂ ಬಿಡುತ್ತಿರಲಿಲ್ಲ. ಗಾಜು ಉಜ್ಜುವಾಗ ನೆನಪು. ಗಿರಾಕಿ ಅಕ್ಷರ ಓದುವಾಗ ನೆನಪು. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಉಗುರ ಸಂದಿಯಲ್ಲಿ ಸುಣ್ಣ ಮೆತ್ತಿಕೊಂಡಿರುವ ಆ ಕೈಗಳನ್ನು ನಾನ್ಯಾಕೆ ನೆನೆಸ್ಕೋಬೇಕು? ಶುಕ್ರವಾರದ ಹೊತ್ತಿಗೆ ಭಾನುವಾರ ಇನ್ನೂ ಬರಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು. ಅದೇಕೆಂದು ಕೇಳಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ.

ಹಾಗಿರುವಾಗ ಕೋಟೆಯ ಬಾಗಿಲು ಕಾಯುವ ದೈತ್ಯ ಎದುರಾದ. ಅಡಿಯಿಂದ ಮುಡಿವರೆಗೆ ಕಬ್ಬಿಣ.

ಸುತ್ತಿಗೆ ಎಂದಿನಂತೆ ಭಾರಿ ಏಟು ಎಂದ. ತಪ್ಪಿತು. ಮತ್ತೆ ಎಂದ. ಮತ್ತೂ ತಪ್ಪಿತು. ದೈತ್ಯ ಅವನನ್ನು ಜಜ್ಜುತ್ತಲೇ ಇದ್ದ, ಅಕ್ಕ ಅವನಿಗೆ ಮದ್ದು ಹಾಕುತ್ತಲೇ ಇದ್ದಳು. ಕೊನೆಗೆ ಅಕ್ಕನ ಶಕ್ತಿಯೆಲ್ಲ ಮುಗಿದು, ಎಲ್ಲರೂ ಓಡಿಹೋಗಬೇಕಾಯಿತು.

ಅವಳಿಗೆ ತಡೆಯಲಾಗಲಿಲ್ಲ.

"ನಿಮಗೆ ಮೆರೆಯೋದೊಂದೇ ಬೇಕು. ಪಕ್ಕದಲ್ಲಿರೋರು ಏನಾದ್ರೆ ನಿಮಗೇನು? ಕೆಡವೋದನ್ನೇ ಕಸುಬು ಮಾಡ್ಕೊಂಡೋರಿಗೆ ಇನ್ನೇನು ಬರುತ್ತೆ..."

ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ಕೇಳಿಸಿತು. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ಅವನು ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಸರಿ," ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಅವಳ ಕಿವಿಯೆಲ್ಲ ಮೆಟ್ಟಿಲ ಕಡೆಗೇ.

"ಕಾಯ್ಬೇಡ," ಎಂದರು ಭಾವ, ಗೊಂಬೆಗಳನ್ನು ಜೋಡಿಸುತ್ತ. "ಬೇರೆ ಊರಲ್ಲಿ ಹಳೇ ಮಿಲ್ಲು ಕೆಡವೋ ಕೆಲಸ ಒಪ್ಕೊಂಡನಂತೆ. ನಾಳೆ ಹೊರಡ್ತಾನೆ. ಬಾ, ಆಡೋಣ."

ನಾಳೆ...! ಆದರೂ ಬಿಗುಮಾನ ಬಿಡದೆ, ಮುಖ ಗಂಟಿಕ್ಕಿಕೊಂಡು ದಾಳ ಕೈಗೆತ್ತಿಕೊಂಡಳು.

ಅದೇ ದೈತ್ಯ, ಅದೇ ಬಾಗಿಲು. ಅವಳು ಲೆಕ್ಕ ಹಾಕಿ, ಅಳೆದು, ಬಾಣ ಬಿಟ್ಟಳು. ತಗುಲಿತು. ಒಳ್ಳೇದಾಯ್ತು, ಎಂದುಕೊಳ್ಳುವಷ್ಟರಲ್ಲಿ ದೈತ್ಯ ನೇರ ಅವಳ ಮೇಲೆ ಬಂದ. ಇನ್ನೊಂದು ಬಾಣ ತಗುಲಿತು. ಎರಡನೇ ಪೆಟ್ಟಿಗೆ ಬಿಲ್ಲುಗಾರ್ತಿ ನೆಲಕ್ಕೊರಗಿದಳು.

"ಸತ್ತಳು," ಎಂದರು ಭಾವ, ಬೇಸರದಿಂದ.

"ಇಷ್ಟು ಬೇಗನಾ? ಹೋದ್ಸಲ ಇವನು ನನ್ನ ಹತ್ರಾನೂ ಸುಳೀಲಿಲ್ಲ. ನೀವು ಇವನ ಬಲ ಜಾಸ್ತಿ ಮಾಡಿದೀರಾ ಭಾವ?"

"ಏನೂ ಮಾಡಿಲ್ಲ. ಕಬ್ಬಿಣ ತೊಟ್ಟ ಯಾವನೇ ಆದ್ರೂ, ಯಾರು ಭಾರಿ ಏಟು ಹಾಕ್ತಾರೋ ಅವರ ಕಡೆ ತಿರುಗ್ತಾನೆ. ತಗುಲಿದ್ರೂ ಸರಿ, ತಪ್ಪಿದ್ರೂ ಸರಿ. ಅಷ್ಟು ಜೋರಾಗಿ ಬೀಸಿದೋನನ್ನ ಬಿಟ್ಟು ಬೇರೆಯವರನ್ನ ನೋಡ್ತಾನಾ? ಯಾರೂ ಬೀಸದಿದ್ರೆ ಎಲ್ಲರಿಗಿಂತ ಮೆತ್ತಗಿರೋರನ್ನ ಹಿಡೀತಾನೆ."

"ಈ ನಿಯಮ ನೀವು ನಮಗೆ ಹೇಳೇ ಇಲ್ಲ."

"ಆಡ್ತಾ ಆಡ್ತಾ ನೀವೇ ಕಂಡ್ಕೊಳ್ಲಿ ಅಂತ ಬಿಟ್ಟಿದ್ದೆ. ಸುತ್ತಿಗೆ ಮಾತ್ರ ಕಂಡ್ಕೊಂಡ. ಯಾರಿಗೂ ಹೇಳ್ಬೇಡಿ ಅಂದಿದ್ದ."

ಏಟು ತಗುಲುತ್ತದೋ ಇಲ್ಲವೋ ಎಂದು ಅವಳು ಲೆಕ್ಕ ಹಾಕಿದ್ದಳು. ತಗುಲಿದರೆ ಎಷ್ಟು ಎಂದೂ ಹಾಕಿದ್ದಳು. ತಿರುಗಿ ಬರುವ ಏಟು ಯಾರ ಮೈಮೇಲೆ ಬೀಳುತ್ತದೆ ಎಂಬ ಲೆಕ್ಕ ಅವಳು ಹಾಕಿರಲೇ ಇಲ್ಲ. ಇಷ್ಟು ವಾರ ಅವನು ಅವಳ ಪಾಲಿನ ಪೆಟ್ಟು ತಿಂದಿದ್ದ. ಮೇಲೆ ಅವಳ ಬೈಗುಳ ಬೇರೆ.

"ಅಕ್ಕಾ, ಅವರು ಈಗ ಎಲ್ಲಿರ್ತಾರೆ?"

ಅಕ್ಕ ನಗು ತಡೆದುಕೊಂಡು, "ಹಳೇ ಸಿನಿಮಾ ಮಂದಿರ ಕೆಡವ್ತಿದಾರಲ್ಲ, ಅಲ್ಲೇ. ಚಪ್ಪಲಿ ಹಾಕ್ಕೊಂಡು ಹೋಗೇ," ಎಂದಳು.

ಚಪ್ಪಲಿ ಅದಲು ಬದಲಾಗಿತ್ತು. ಒಂದು ಅವಳದು, ಒಂದು ಅಕ್ಕನದು. ಅದು ಅವಳಿಗೆ ತಿಳಿದದ್ದು ಸಿನಿಮಾ ಮಂದಿರದ ಗೇಟಿನ ಹತ್ತಿರ.

ಒಳಗೆ ಅವನು ಗೋಡೆ ಒಡೆಯುತ್ತಿರಲಿಲ್ಲ. ಒಂದು ಹಳೆಯ ಕಿಟಕಿಯ ಬಣ್ಣದ ಗಾಜುಗಳನ್ನು, ಒಂದೂ ಬಿರುಕು ಬಿಡದಂತೆ, ಒಂದೊಂದಾಗಿ ಬಿಡಿಸಿ ಗೋಣಿಯ ಮೇಲಿಡುತ್ತಿದ್ದ. ಅವಳಿಗೆ ತನ್ನ ಮಾತು ನೆನಪಾಗಿ ಮುಖ ಬಿಸಿಯಾಯಿತು.

"ಏನ್ ವಿಷಯ?" ಎಂದ, ತಿರುಗದೆ.

ದಾರಿಯುದ್ದಕ್ಕೂ ಅವಳು ಒಂದು ಕ್ಷಮೆಯ ಮಾತನ್ನು ನೀಟಾಗಿ ಜೋಡಿಸಿಕೊಂಡು ಬಂದಿದ್ದಳು. ಅದನ್ನು ಹೇಳಿದರೆ ತಪ್ಪುವ ಭಯವಿಲ್ಲ, ಅವನು "ಪರವಾಗಿಲ್ಲ" ಎನ್ನುತ್ತಾನೆ, ಇಬ್ಬರೂ ಮರ್ಯಾದೆಯಿಂದ ಬೀಳ್ಕೊಳ್ಳಬಹುದು... ನಾಳೆ ಅವನು ಹೊರಟೂ ಹೋಗುತ್ತಾನೆ.

"ನನಗೆ ನೀವಂದ್ರೆ ಇಷ್ಟ," ಎಂದಳು.

ಅವನ ಕೈ ನಿಂತಿತು.

"ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಗೊತ್ತಿಲ್ಲ. ಕೇಳ್ಕೊಂಡು ಹೇಳೋಣ ಅಂದ್ರೆ ಟೈಮಿಲ್ಲ. ಇಲ್ಲ ಅಂದ್ರೆ ಅಳ್ತೀನಿ, ಆದ್ರೆ ಇಲ್ಲಲ್ಲ, ಮನೇಲಿ. ಅಷ್ಟೇ."

ಅವನು ಕೈಯಲ್ಲಿದ್ದ ಗಾಜನ್ನು ಜೋಪಾನವಾಗಿ ಕೆಳಗಿಟ್ಟು ಎದ್ದು ನಿಂತ. ಕಿವಿಯ ತುದಿ ಕೆಂಪಾಗಿತ್ತು.

"ಮೊದಲ್ನೇ ದಿನ ಸುಮ್ನೆ ಹುಮ್ಮಸ್ಸಿಗೆ ಬೀಸಿದ್ದು. ರಾಕ್ಷಸ ನಿಮ್ಮನ್ನ ಬಿಟ್ಟು ನನ್ನ ಕಡೆ ಬಂದ. ಇದೇ ಒಳ್ಳೇದಾಯ್ತಲ್ಲ ಅನ್ನಿಸ್ತು."

"ನನಗ್ಯಾಕೆ ಹೇಳ್ಲಿಲ್ಲ? ನಾನೂ ಬೀಸ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ನಿಮ್ಮ ಬಿಲ್ಲುಗಾರ್ತಿ ಸತ್ರೆ ನೀವು ಆಟಾನೇ ಬಿಟ್ಬಿಡ್ತೀರಿ ಅಂತ ನಿಮ್ಮಕ್ಕ ಹೇಳಿದ್ರು." ಅವನು ಕೈಗೆ ಹತ್ತಿದ ಧೂಳು ಕೊಡವಿದ. "ನನಗೆ ಆಟದಲ್ಲಿ ಗೆಲ್ಲೋದು ಬೇಕಿರ್ಲಿಲ್ಲ. ಭಾನುವಾರ ನೀವು ಎದುರಿಗೆ ಕೂತು ಬೈತಿದ್ರೆ ಸಾಕಿತ್ತು."

ಅವಳ ಕಣ್ಣು ತುಂಬಿಬಂತು. ಮನೇಲಿ ಅಳ್ತೀನಿ ಅಂದದ್ದು ಸುಳ್ಳಾಯಿತು.

"ಆ ದಿನ ಹಾಗೆ ಅನ್ಬಾರ್ದಿತ್ತು. ತಪ್ಪಾಯ್ತು."

"ನೋವಾಯ್ತು," ಎಂದ ಅವನು, ಮುಚ್ಚಿಡದೆ. "ಈಗ ಸ್ವಲ್ಪ ಕಮ್ಮಿ."

"ಹೋಗ್ಲೇಬೇಕಾ ನಾಳೆ?"

"ಮಾತು ಕೊಟ್ಬಿಟ್ಟಿದೀನಿ. ಮಿಲ್ಲು ದೊಡ್ಡದು, ತಿಂಗಳುಗಳೇ ಹಿಡಿಯುತ್ತೆ. ನೀವು ಕಾಯ್ತೀರಾ?"

"ಇಲ್ಲ."

ಅವನ ಮುಖ ಸಣ್ಣದಾಯಿತು.

"ಕಾಯೋದು ನನ್ನ ಕೈಲಾಗಲ್ಲ. ಈ ಎರಡು ವಾರದಲ್ಲೇ ಮೂರು ಗಾಜು ಒಡೆದಿದೀನಿ. ಭಾನುವಾರ ಅಂಗಡಿ ರಜೆ, ಬೆಳಿಗ್ಗೆ ಬಸ್ ಹತ್ತಿ ಬರ್ತೀನಿ. ಭಾವ ಏನಂತಾರೋ, ಜನ ಏನಂತಾರೋ, ನೀವಲ್ಲಿ ಬಿಡುವಾಗಿರ್ತೀರೋ, ಒಂದೂ ಗೊತ್ತಿಲ್ಲ. ಬರ್ತೀನಿ."

ಅವನು ಅವಳ ಕಾಲಿನ ಅದಲು ಬದಲು ಚಪ್ಪಲಿ ನೋಡಿ ನಕ್ಕುಬಿಟ್ಟ. ಅವಳೂ ನೋಡಿಕೊಂಡಳು. ಅಳುವಿನ ನಡುವೆಯೇ ನಗು ಬಂತು.

ಅವಳು ಕೈಯ ಹಿಂಬದಿಯಿಂದ ಅವನ ಕೆನ್ನೆಗೆ ಅಂಟಿದ್ದ ಸುಣ್ಣ ಒರೆಸಿದಳು.

"ನೀನು ಊಟ ಮಾಡಿದ್ಯಾ?"

ಇಷ್ಟು ದಿನ 'ನೀವು' ಬಿಟ್ಟು ಅವಳ ಬಾಯಲ್ಲಿ ಬೇರೆ ಮಾತು ಬಂದಿರಲಿಲ್ಲ.

"ಇನ್ನೂ ಇಲ್ಲ," ಎಂದ, ಮೆಲ್ಲಗೆ. "ನೀನು?"