ಮುಚ್ಚಿಟ್ಟ ಫಲಿತಾಂಶ

"ಈ ಫಲಿತಾಂಶಾನ ನಾನು ಒಪ್ಪಲ್ಲ, ಡಾಕ್ಟರ್ ರಮ್ಯ."

ಸಂಘಮಿತ್ರಾಳ ಮಾತಿಗೆ ಮೀಟಿಂಗ್ ರೂಮಿನಲ್ಲಿ ಎಲ್ಲರೂ ತಲೆಯೆತ್ತಿದರು.

ಬೆನ್ಸನ್ ಟೌನಿನ ಆ ಮಕ್ಕಳ ಆಸ್ಪತ್ರೆಯಲ್ಲಿ ಅವಳು ಅಂಕಿಅಂಶ ತಜ್ಞೆ. ಸ್ನಾಯು ಸವೆಯುವ ಅಪರೂಪದ ಕಾಯಿಲೆಯ ಮಕ್ಕಳು ಹೊಸ ಔಷಧಿಯಿಂದ ಚೆನ್ನಾಗಿ ನಡೆಯುತ್ತಿದ್ದಾರೆಂದು ರಮ್ಯ ಆಗಷ್ಟೇ ಹೇಳಿ ಮುಗಿಸಿದ್ದಳು. ಪಕ್ಕದಲ್ಲಿದ್ದ ಡಾಕ್ಟರ್ ಸೂರ್ಯ ಮೆಚ್ಚಿ ತಲೆದೂಗಿದ್ದ.

ಆ ಮೆಚ್ಚುಗೆಯೇ ಸಂಘಮಿತ್ರಾಳನ್ನು ಚುಚ್ಚಿದ್ದು.

"ಔಷಧಿ ಸಿಗದ ಗುಂಪಲ್ಲಿ ಇರೋರು ದೊಡ್ಡ ಮಕ್ಕಳು, ಹೊಸ ಔಷಧಿ ಸಿಕ್ಕಿರೋದು ಚಿಕ್ಕ ಮಕ್ಕಳಿಗೆ. ಅವ್ರಿಗೆ ಕಾಯಿಲೆ ಇನ್ನೂ ಜಾಸ್ತಿ ಆಗಿರ್ಲಿಲ್ಲ. ಔಷಧಿ ಇಲ್ದಿದ್ರೂ ಚೆನ್ನಾಗೇ ನಡೀತಿದ್ರೇನೋ..."

ಮೀಟಿಂಗ್ ಮುಗಿದು ಹೊರಬಂದಾಗ ಸೂರ್ಯ ಅವಳನ್ನು ತಡೆದ. "ನೀವು ಹೇಳಿದ್ದು ಸರಿ ಇರ್ಬಹುದು. ಆದ್ರೆ ರಮ್ಯ ಮೇಲೆ ಯಾಕ್ರೀ ಅಷ್ಟು ಕೋಪ?"

ಅವಳು ಗೇಟಿನತ್ತ ಬಿರಬಿರನೆ ನಡೆದುಬಿಟ್ಟಳು. ದಿನವೂ ಸೂರ್ಯ, ರಮ್ಯ ಇಬ್ಬರೇ ಕಾಫಿಗೆ ಹೋಗುವುದನ್ನು ಕಿಟಕಿಯಿಂದ ನೋಡಿ ನೋಡಿ ಅವಳಿಗೆ ಹೊಟ್ಟೆಕಿಚ್ಚು ಬಂದಿತ್ತು.

ಸಂಜೆ ಶಿವಾಜಿನಗರದಲ್ಲಿ ಹಲಸೂರು ಬಸ್ಸಿಗೆ ಕಾಯುವಾಗ ಅವಳಿಗೆ ಭಯವಾಯಿತು. 'ನನಗೆ ಅನುಮಾನ ಇರೋದು ಲೆಕ್ಕದ ಮೇಲಾ, ಅವಳ ಮೇಲಾ? ನಿಜವಾಗ್ಲೂ ಗುಣ ಇರೋ ಔಷಧೀನ ನನ್ನ ಹೊಟ್ಟೆಕಿಚ್ಚಿಗೆ ತಳ್ಳಿಹಾಕಿದ್ರೆ... ಆ ಮಕ್ಕಳ ಗತಿ?'

ಮರುದಿನ ನೇರವಾಗಿ ಸೂರ್ಯನ ಬಳಿ ಹೋದಳು.

"ಯಾವ ಮಗು ಈಗ ಎಷ್ಟು ನಡೆಯುತ್ತೆ ಅನ್ನೋದು ನನ್ನ ಕಣ್ಣಿಗೆ ಬೀಳ್ಬಾರ್ದು. ನಿಮ್ಮ ಹತ್ರಾನೇ ಇಟ್ಕೊಳ್ಳಿ. ಮೊದ್ಲು ಎರಡೂ ಗುಂಪನ್ನ ಸರಿಸಮ ಮಾಡ್ತೀನಿ."

ವಯಸ್ಸು, ಕಾಯಿಲೆಯ ತೀವ್ರತೆ ಎಲ್ಲವನ್ನೂ ತಾಳೆ ನೋಡಿದಳು. ಇದ್ದ ಮಕ್ಕಳೇ ಕಡಿಮೆ, ಯಾರನ್ನೂ ಕೈಬಿಡುವಂತಿರಲಿಲ್ಲ. ಇನ್ನೊಂದು ಗುಂಪಿನವರನ್ನು ಹೆಚ್ಚು ಹೋಲುವ ಮಕ್ಕಳಿಗೆ ಲೆಕ್ಕದಲ್ಲಿ ಹೆಚ್ಚು ತೂಕ, ಉಳಿದವರಿಗೆ ಕಡಿಮೆ ತೂಕ ಕೊಟ್ಟಳು. ಆಮೇಲಷ್ಟೇ ಸೂರ್ಯ ಫಲಿತಾಂಶ ತೆರೆದ.

ಔಷಧಿಯ ಲಾಭ ರಮ್ಯ ಹೇಳಿದ್ದರ ಅರ್ಧದಷ್ಟಿತ್ತು. ಆದರೆ ಇತ್ತು.

ಸಂಘಮಿತ್ರಾ ತಾನೇ ಹೋಗಿ ರಮ್ಯಳಿಗೆ ತಿಳಿಸಿದಳು. "ನೀವು ಅಂದ್ಕೊಂಡಷ್ಟಲ್ಲ. ಆದ್ರೂ ಔಷಧಿ ಕೆಲ್ಸ ಮಾಡ್ತಿರೋ ಹಾಗಿದೆ."

ರಮ್ಯ ಕಣ್ಣೊರೆಸಿಕೊಂಡು ಅವಳ ಕೈ ಹಿಡಿದಳು. "ಅರ್ಧ ಆದ್ರೂ ಸಾಕು ಕಣ್ರೀ."

ಸಂಜೆ ಗೇಟಿನ ಬಳಿ ಸೂರ್ಯ ಕಾದಿದ್ದ.

"ಫಲಿತಾಂಶ ಯಾಕೆ ಮುಚ್ಚಿಡೋಕೆ ಹೇಳಿದ್ರಿ?"

"ನನ್ನ ಮೇಲೇ ನನಗೆ ನಂಬಿಕೆ ಇರ್ಲಿಲ್ಲ." ಅವಳು ಬ್ಯಾಗಿನ ಪಟ್ಟಿ ಸರಿಪಡಿಸಿಕೊಂಡಳು. "ನೀವು ದಿನಾ ಅವಳ ಜೊತೆ ಕಾಫಿಗೆ ಹೋಗ್ತಿದ್ರಿ..."

ಸೂರ್ಯ ನಕ್ಕುಬಿಟ್ಟ. "ಅಲ್ಲಿ ನಾನು ರಮ್ಯ ಹತ್ರ ಬೈಸ್ಕೊಳ್ತಿದ್ದೆ. 'ಪ್ರೀತಿ ಇದ್ರೆ ಸಂಘಮಿತ್ರಾಗೇ ಹೋಗಿ ಹೇಳು, ನನ್ನ ತಲೆ ಯಾಕೆ ತಿಂತೀಯ' ಅಂತ."

ಅವಳ ಕಣ್ಣು ತುಂಬಿ ಬಂತು.

"ಈಗ್ಲೂ ರಮ್ಯ ಮೇಲೆ ಹೊಟ್ಟೆಕಿಚ್ಚಾ?"

"ಸ್ವಲ್ಪ," ಎಂದಳು. "ನಿಮ್ಮ ಮನಸ್ಸು ನನಗಿಂತ ಮುಂಚೆ ಅವಳಿಗೆ ಗೊತ್ತಾಯ್ತಲ್ಲ."