ಅಮಾಂಡಾ ಎಂದು ಕರೆದವನು

ಗಂಟೆ ಹೊಡೆದಾಗಿತ್ತು. ಅವಳ ಕೈ ಮಾತ್ರ ನಿಲ್ಲಲಿಲ್ಲ.

ಎದುರಾಳಿ ಹುಡುಗಿ ಹಗ್ಗಕ್ಕೆ ಒರಗಿ ಕುಸಿಯುತ್ತಿದ್ದಳು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿದಿತ್ತು. ಬಾಕ್ಸಿಂಗ್ ಕಣದ ಅವಳ ಮೂಲೆಯಲ್ಲಿ ನಿಂತು ಗಾಯಕ್ಕೆ ಪಟ್ಟಿ ಹಾಕುವವನು ಹಗ್ಗದಡಿಯಿಂದ ನುಗ್ಗಿ ಇಬ್ಬರ ನಡುವೆ ನಿಂತ. ಅವಳ ಗುದ್ದು ನೇರ ಅವನ ಮೂಗಿಗೆ ಬಿತ್ತು. ಮೂಳೆ ಕಟಕ್ಕೆಂದಿತು.

ಅವನು ಬೈಯಲಿಲ್ಲ. ಸುರಿಯುವ ರಕ್ತವನ್ನು ತೋಳಿಗೆ ಒರೆಸಿಕೊಂಡು ಮೊದಲು ಆ ಹುಡುಗಿಯ ಹುಬ್ಬನ್ನು ಒತ್ತಿ ಹಿಡಿದ.

"ಅಮಾಂಡಾ, ಸಾಕು ಕಣೇ!" ಕುರ್ಚಿಗಳ ಸಾಲಿನಿಂದ ಅಮ್ಮ ಕೂಗಿದರು.

ಜನ ಗೊಳ್ಳೆಂದು ನಕ್ಕರು. ಅಲ್ಲಿ ಎಲ್ಲರಿಗೂ ಅವಳು 'ಸುತ್ತಿಗೆ'. ಸುತ್ತಿಗೆಗೆ ಇಷ್ಟು ನಾಜೂಕಿನ ಹೆಸರಿದೆ ಅಂತ ಯಾರಿಗೆ ಗೊತ್ತಿತ್ತು?

ಆಮೇಲೆ ಅವನು ಮೂಗಿಗೆ ಹತ್ತಿ ತುರುಕಿಕೊಂಡು ಬಟ್ಟೆ ಬದಲಿಸುವ ಕೋಣೆಗೆ ಬಂದ. ಚರ್ಮ ಸುಲಿದಿದ್ದ ಅವಳ ಗೆಣ್ಣುಗಳಿಗೆ ಪಟ್ಟಿ ಸುತ್ತತೊಡಗಿದ.

"ಬೇಕಂತ ಹೊಡೀಲಿಲ್ಲ," ಎಂದಳು ಗೋಡೆ ನೋಡುತ್ತ.

"ಮೊದಲೇ ಸೊಟ್ಟ ಮೂಗು. ನೆಟ್ಟಗಾಯ್ತೇನೋ ನೋಡೋಣ."

ಅವಳಿಗೆ ನಗು ಬಂತು. ಅದನ್ನು ಕಂಡು ಅವನಿಗೂ ಮಾತು ಬಂತು.

"ಒಳ್ಳೇ ಹೆಸರು ನಿಮ್ಮದು. ನಮ್ಮಪ್ಪ ಹಳೇ ಭಾಷೆಗಳ ಮೇಷ್ಟ್ರು. ನಮ್ಮನೇಲಿ ಊಟಕ್ಕೆ ಕೂತರೂ ಲ್ಯಾಟಿನ್ನೇ. ಇದೇ ಹೆಸರಿನ ಗಂಡು ರೂಪವೂ ಇತ್ತಂತೆ, ಹಳೇ ಕಾಲದ ಸಂತರೊಬ್ಬರಿಗಿತ್ತು. ಆಮೇಲೆ ನಾಟಕ ಬರೆಯೋರು ನಾಯಕಿಯರಿಗೆ ಇಟ್ಟರು. ನಾವು ಹುಟ್ಟೋ ಹೊತ್ತಿಗೆ ಎಷ್ಟೋ ದೇಶದಲ್ಲಿ ಯಾವ ತರಗತಿಗೆ ಹೋದರೂ ಒಬ್ಬಳಾದರೂ ಅಮಾಂಡಾ. ಈಗ ಅಷ್ಟು ಇಡಲ್ಲ. ಲ್ಯಾಟಿನ್ನಲ್ಲಿ ಇದರ ಅರ್ಥ ಗೊತ್ತಾ? ಪ್ರೀತಿಸಲೇಬೇಕಾದವಳು ಅಂತ..."

ಮಾತು ಮುಗಿಯಲಿಲ್ಲ. ಅವಳು ಕೊರಳಪಟ್ಟಿ ಹಿಡಿದು ಅವನನ್ನು ಕಬ್ಬಿಣದ ಬೀರುವಿಗೆ ಅಪ್ಪಳಿಸಿದಳು.

"ಆ ಮಾತು ಇನ್ನೊಂದ್ಸಲ ಬಾಯಲ್ಲಿ ಬಂದರೆ ಹಲ್ಲು ಉಳಿಯಲ್ಲ."

ಅವನಿಗೇನು ಗೊತ್ತು, ಪಾಪ... ಹೆರಿಗೆ ಮಾಡಿಸಿದ ನರ್ಸ್ ಆ ಅರ್ಥ ಹೇಳಿದ್ದಕ್ಕೇ ಅಮ್ಮ ಆಸೆಪಟ್ಟು ಇಟ್ಟ ಹೆಸರದು. ಗಂಡುಮಗು ಬೇಕೆಂದು ಹಟ ಹಿಡಿದಿದ್ದ ಅಪ್ಪ ಬೆಲ್ಟು ಬಿಚ್ಚುವಾಗೆಲ್ಲ ಹಾಗೆಯೇ ಕರೆಯುತ್ತಿದ್ದ. "ಬಾರೇ, ಪ್ರೀತಿಸಬೇಕಾದವಳೇ." ಅಡ್ಡ ಬಂದ ಅಮ್ಮನ ದವಡೆ ಮುರಿದಿದ್ದ. ಕೈಗೆ ಸಂಪಾದನೆ ಬಂದ ಕೂಡಲೇ ಅವಳು ಅಮ್ಮನನ್ನು ಕರೆದುಕೊಂಡು ಬಾಡಿಗೆ ಮನೆಗೆ ಬಂದಿದ್ದಳು.

'ಇವನೂ ಅಣಕಿಸಿದ,' ಅಂದುಕೊಂಡಳು.

ಮುಂದಿನ ಪಂದ್ಯಕ್ಕೆ ಅವಳ ಮೂಲೆಯಲ್ಲಿ ಬೇರೆಯವನು ನಿಂತಿದ್ದ. ಒಳ್ಳೆಯದೇ ಆಯಿತು ಎಂದುಕೊಂಡಳು. ಆದರೆ ಕಣ್ಣು ಮಾತು ಕೇಳಬೇಕಲ್ಲ... ಪ್ರತಿ ಸುತ್ತು ಮುಗಿದಾಗಲೂ ಆ ಸೊಟ್ಟ ಮೂಗನ್ನೇ ಹುಡುಕುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಭ್ಯಾಸ ಮುಗಿಸಿ ಮನೆಯ ಮೆಟ್ಟಿಲು ಹತ್ತುವಾಗಲೇ ಅಮ್ಮನ ಚೀರಾಟ ಕೇಳಿಸಿತು. ಬಾಗಿಲ ಚಿಲಕ ಕಿತ್ತು ನೇತಾಡುತ್ತಿತ್ತು.

ಒಳಗೆ, ಮನೆ ಪತ್ತೆ ಹಚ್ಚಿ ಬಂದಿದ್ದ ಅಪ್ಪ. ಕೈಯಲ್ಲಿ ಕಬ್ಬಿಣದ ಸರಳು. ಮೂಲೆಯಲ್ಲಿ ಮುದುಡಿದ ಅಮ್ಮ. ಅಮ್ಮನ ಮೇಲೆ ಬೋರಲು ಬಿದ್ದು ಏಟನ್ನೆಲ್ಲ ತನ್ನ ಬೆನ್ನಿಗೆ ತೆಗೆದುಕೊಳ್ಳುತ್ತಿದ್ದವನು... ಆ ಸೊಟ್ಟ ಮೂಗಿನವನೇ! ಅವನ ಎಡಗೈ ಬಾಗಬಾರದ ಕಡೆ ಬಾಗಿತ್ತು.

ಅವಳ ಮೊದಲ ಗುದ್ದಿಗೇ ಸರಳು ಹಾರಿಬಿತ್ತು. ಮುಂದಿನದಕ್ಕೆ ಅಪ್ಪ ನೆಲ ಕಚ್ಚಿದ. ಅವಳು ಎದೆಯ ಮೇಲೆ ಕೂತು ಹೊಡೆದಳು, ಹೊಡೆದಳು. ತುಟಿ ಸೀಳಿತು, ಹಲ್ಲು ಉದುರಿತು, ಮುಖದ ಗುರುತು ಹೋಯಿತು. ಕೈ ನಿಲ್ಲಲಿಲ್ಲ.

"ಅಮಾಂಡಾ."

ಕೂಗಲಿಲ್ಲ ಅವನು. ಪಕ್ಕದಲ್ಲಿ ಕೂತವರನ್ನು ಕರೆದಷ್ಟೇ ಮೆಲ್ಲಗೆ ಕರೆದ.

"ಅವನು ಬಿದ್ದಾಯ್ತು. ಕೊಂದರೆ ನಿಮ್ಮನ್ನ ಒಯ್ತಾರೆ. ಅಮ್ಮನ ಜೊತೆ ಯಾರಿರ್ತಾರೆ?"

ಎತ್ತಿದ ಮುಷ್ಟಿ ಗಾಳಿಯಲ್ಲೇ ನಿಂತಿತು.

ಪೊಲೀಸರು ಅಪ್ಪನನ್ನು ಹೊತ್ತೊಯ್ದರು. ಆಸ್ಪತ್ರೆಯಲ್ಲಿ ಅಮ್ಮ ವಿಷಯ ಬಾಯಿಬಿಟ್ಟರು. ಕೆಲಸಕ್ಕೆ ಹೋಗುವ ಇಸ್ತ್ರಿ ಅಂಗಡಿಯಲ್ಲಿ ಮಣಿಕಟ್ಟು ಸುಟ್ಟುಕೊಂಡಿದ್ದರಂತೆ. ಮಗಳು ಅಭ್ಯಾಸಕ್ಕೆ ಹೋದಾಗ ಮನೆಗೆ ಬಂದು ಪಟ್ಟಿ ಬದಲಿಸುತ್ತಿದ್ದವನು ಅವನೇ, ಅವತ್ತೂ ಅದಕ್ಕೇ ಬಂದಿದ್ದ. ಬೆಲ್ಟಿನ ಕಥೆಯನ್ನೂ ಅವನಿಗೆ ಅಮ್ಮನೇ ಹೇಳಿದ್ದರು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವನು ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದ. ಅವಳು ದೂರವೇ ನಿಂತಳು.

"ನನ್ನ ಮೂಲೆ ಯಾಕೆ ಬಿಟ್ಟಿರಿ?"

"ನನ್ನ ಮುಖ ಕಂಡರೆ ನಿಮಗೆ ಆ ಮಾತೇ ನೆನಪಾಗುತ್ತೆ ಅನ್ನಿಸ್ತು."

ಅವಳು ಊದಿಕೊಂಡ ಕೈಗಳನ್ನು ಮುಂದೆ ಚಾಚಿದಳು. "ನೋಡಿ. ಅಪ್ಪನದೇ ಅಚ್ಚು. ನಿಲ್ಲಿಸೋಕೆ ಬರಲ್ಲ ಇದಕ್ಕೆ."

"ಇವತ್ತು ನಿಂತಿತಲ್ಲ."

"ನೀವು ಕರೆದಿದ್ದಕ್ಕೆ. ನಾಳೆ ನಿಮ್ಮ ಮೇಲೇ ಎತ್ತಿದರೆ?"

ಅವನು ತಲೆಯೆತ್ತಿದ. ಅವಳ ಮುಖವನ್ನೇ ನೋಡಿದ.

"ಹೊರಟುಹೋಗ್ತೀನಿ. ಅವತ್ತೇ. ಬದಲಾಗ್ತಾಳೆ ಅಂತ ಕಾಯ್ತಾ ಕೂರಲ್ಲ... ಎಷ್ಟೇ ಇಷ್ಟ ಇದ್ರೂ."

ಈ ಮಾತನ್ನು ಅಮ್ಮ ಅಪ್ಪನಿಗೆ ಹೇಳಲಿ ಎಂದು ಅವಳು ಬಾಲ್ಯವಿಡೀ ಕಾದಿದ್ದಳು.

"ಎಷ್ಟು ಇಷ್ಟ?" ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಎರಡೂ ಕೈ ಸರಿ ಇದ್ದಿದ್ದರೆ ಇಷ್ಟಗಲ ಅಂತ ಚಾಚಿ ತೋರಿಸ್ತಿದ್ದೆ."

ಅವಳು ನಗಲು ಹೋಗಿ ಅತ್ತುಬಿಟ್ಟಳು. ಪ್ಲಾಸ್ಟರ್ ಇಲ್ಲದ ಕಡೆ ಕೂತು ಅವನ ಹೆಗಲಿಗೆ ಮೆಲ್ಲಗೆ ತಲೆಯಿಟ್ಟಳು.

"ನನಗೂ ಇಷ್ಟ. ಹೇಳೋಕೆ ಹೆದರಿಕೆ ಇತ್ತು." ಅವನ ಬೆನ್ನಿಗೆ ಬಿದ್ದ ಏಟು ನೆನಪಾಗಿ ಕೇಳಿದಳು, "ನೋವಾಗ್ತಿದೆಯಾ?"

"ಹ್ಞೂಂ."

"ಏಳಲಾ?"

"ಬೇಡ. ಇಲ್ಲೇ ಇರು."