ಕೆಂಪು ಕಾರಿನ ಎರಡನೇ ಸೀಟು

"ಉಸಿರು ಬಿಗಿಹಿಡ್ಕೊಂಡು ಕೂತ್ಕೊಳ್ಳಲಾ, ಬಿಟ್ಟು ಕೂತ್ಕೊಳ್ಳಲಾ ಮೇಡಂ?"

ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಕೂತು ಅವನು ಕೇಳಿದ. ಅಣ್ಣನ ಗ್ಯಾರೇಜಿನಲ್ಲಿ ಹಳೆಯ ಕಾರುಗಳ ಸೀಟಿಗೆ ಚರ್ಮ ಹೊಲಿಯುವವಳು ನಾನು. ಕೊಳ್ಳುವವರ ಮುಂದೆ ಓಡಿಸಿ ತೋರಿಸುವವನು ಅವನು. ಕೊಳ್ಳುವವರ ಬೆನ್ನು ಹೇಗಿರುತ್ತದೋ ಯಾರಿಗೆ ಗೊತ್ತು? ಹಾಗಾಗಿ ಇವನ ಬೆನ್ನಿನ ಅಳತೆಗೇ ಸೀಟು ಹೊಲಿದಿದ್ದೆ. ಬೇಕಾದ್ದಕ್ಕಿಂತ ಹೆಚ್ಚು ಸಲ ಕೂರಿಸಿ ನೋಡಿದ್ದೆ ಅನ್ನುವುದೂ ನಿಜ. ನಾಚಿಕೆಗೆಟ್ಟವಳು ಅನ್ನಿ, ಬೇಜಾರಿಲ್ಲ.

ಇವತ್ತು ಮಾತ್ರ ನನಗೆ ನಗು ಬರಲಿಲ್ಲ.

"ಈ ಕಾರು ಓಡಿಸ್ಬೇಡಿ," ಅಂದೆ.

"ಓಹೋ! ನನ್ನ ಮೇಲೆ ಇಷ್ಟೊಂದು ಕಾಳಜಿನಾ?" ಓರೆಗಣ್ಣಲ್ಲಿ ನೋಡಿದ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಸೂಜಿ ನನ್ನ ಬೆರಳಿಗೇ ಚುಚ್ಚುತ್ತಿತ್ತು.

"ತಮಾಷೆ ಅಲ್ಲ ಕಣ್ರೀ. ಎರಡು ಮುರುಕಲು ಕಾರು ಸೇರಿಸಿ ಮಾಡಿದ್ದಿದು. ಸೀಟಿನಡಿ ವೆಲ್ಡಿಂಗು ಬಿರುಕು ಬಿಟ್ಟಿದೆ, ಕಣ್ಣಾರೆ ನೋಡಿದೀನಿ. ಅಣ್ಣ ಪುಟ್ಟಿ ಮೆತ್ತಿ ಬಣ್ಣ ಬಳಿದ. ಜೋರಾಗಿ ಹೋದ್ರೆ ಎರಡು ತುಂಡಾಗುತ್ತೆ."

ಅವನ ನಗು ಹೋಯಿತು, ಆದರೆ ನಂಬಿಕೆ ಬರಲಿಲ್ಲ. "ನಂಗೆ ಸ್ಟೀರಿಂಗ್ ಹಿಡಿಯೋಕೆ ಕಲಿಸಿದ್ದೇ ನಿಮ್ಮಣ್ಣ. ನನ್ನ ಪ್ರಾಣದ ಜೊತೆ ಆಟ ಆಡ್ತಾರಾ? ಬಿಡ್ತು ಅನ್ನಿ."

ಅಷ್ಟರಲ್ಲಿ ಗ್ಯಾರೇಜಿನ ಶಟರ್ ಮೇಲಕ್ಕೆ ಹೋಯಿತು. ಎದುರಿಗೇ ಇಳಿಜಾರು, ಅದರ ಕೊನೆಗೊಂದು ತಿರುವು, ತಿರುವಿನಲ್ಲಿ ಕಲ್ಲಿನ ಗೋಡೆ. ಹಳೆಯ ಕಾರು ಸಂಗ್ರಹಿಸುವ ದೊಡ್ಡ ಮನುಷ್ಯರು ರಸ್ತೆಬದಿಯಲ್ಲಿ ಸಾಲಾಗಿ ನಿಂತಿದ್ದರು. ಅವನು ಎಂಜಿನ್ ಚಾಲೂ ಮಾಡಿದ.

ಇನ್ನೇನು ಮಾಡಲಿ? ಹೋಗಿ ಪಕ್ಕದ ಸೀಟಿನಲ್ಲಿ ಕೂತುಬಿಟ್ಟೆ.

ಅಣ್ಣ ಓಡಿ ಬಂದ. "ಇಳಿಯೇ ಕೆಳಗೆ!"

"ಯಾಕೆ? ಏನೂ ಆಗಲ್ಲ ಅಂದ್ಯಲ್ಲ ನೆನ್ನೆ?"

ಅಣ್ಣನ ಮುಖ ಬಿಳಿಚಿಕೊಂಡಿತು. ಈಗ ನಿಜ ಹೇಳುತ್ತಾನೆ ಅಂದುಕೊಂಡೆ. ಒಡಹುಟ್ಟಿದವನಲ್ಲವೇ, ಹೆಗಲ ಮೇಲೆ ಹೊತ್ತು ಆಡಿಸಿದವನಲ್ಲವೇ! ಅವನು ಕೊಳ್ಳುವವರ ಕಡೆ ನೋಡಿದ. ನನ್ನ ಕಡೆ ನೋಡಿದ. ಆಮೇಲೆ ನನ್ನ ಪಕ್ಕದ ಬಾಗಿಲನ್ನು ಮೆಲ್ಲಗೆ ಹಾಕಿದ.

"ನಿಧಾನಕ್ಕೆ ಹೋಗೋ," ಅಂದ ಇವನಿಗೆ.

ಯಾವತ್ತೂ 'ಒತ್ತೋ, ಇನ್ನೂ ಒತ್ತೋ' ಅಂತ ಕಿರುಚುವ ಅಣ್ಣ! ಇವನ ಕೈ ಗೇರಿನ ಮೇಲೆ ಹಾಗೇ ನಿಂತಿತು. ಎಂಜಿನ್ ಆಫ್ ಮಾಡಿದ.

"ಗೊತ್ತಿತ್ತಲ್ವಾ ಬಾಸ್?"

ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಇವನು ಇಳಿದು, ಕೊಳ್ಳಲು ಬಂದಿದ್ದ ಹಿರಿಯರೊಬ್ಬರ ಕೈಗೆ ಕೀ ಇಟ್ಟ. "ಸೀಟ್ ಎತ್ತಿ, ತಳ ಕೆರೆದು ನೋಡಿ ಸಾರ್."

ನನ್ನ ಕಡೆ ಬಂದು ಬಾಗಿಲು ತೆಗೆದ. ಇಬ್ಬರೂ ಇಳಿಜಾರಿನಲ್ಲಿ ನಡೆದೆವು.

"ನಿಮ್ಮ ಮಾತು ನಂಬಲಿಲ್ಲ ನಾನು. ಹೊರಟೇಬಿಟ್ಟಿದ್ರೆ?"

"ಜೊತೆಗೆ ಬರ್ತಿದ್ದೆ."

"ನಿಮಗೇನು ಹುಚ್ಚಾ?"

"ಹೂಂ. ನಿಮ್ಮ ಮೇಲೆ ಪ್ರೀತಿ, ಏನ್ಮಾಡ್ಲಿ ಹೇಳಿ?" ಅಂದು ರಸ್ತೆ ಅಂತಲೂ ನೋಡದೆ ಗೊಳೋ ಅಂತ ಅತ್ತೆ.

ಅವನು ನನ್ನ ಕೈ ಗಟ್ಟಿಯಾಗಿ ಹಿಡಿದ. "ಅಳಬೇಡಿ. ನಾನಿದೀನಲ್ಲ."

ಹಿಂದೆ ತಿರುಗಿ ನೋಡಿದೆ. ಅಣ್ಣ ಶಟರ್ ಎಳೆಯುತ್ತಿದ್ದ. ಇನ್ನು ನನಗಿರುವುದು ಇವನೊಬ್ಬನೇ ಎಂದು ಆಗಲೇ ಗೊತ್ತಾಯಿತು.